ಎರಡು ಸಲ ಅದುರಿದರೆ

ಕುಹ್ಮೋ ಊರಿನಾಚೆ, ಜೌಗಿನ ಅಂಚಿಗೆ,
ಏಳು ಮೆಟ್ಟಿಲ ಅಟ್ಟಣೆ. ಅದರ ಮೇಲೆ ನಾನು, ಇರ್ಯಾ,
ಅಕ್ಟೋಬರಿನ ಬೆಳಗು ಏಳೂವರೆಗೆ
ಉಸಿರನ್ನೂ ಮಫ್ಲರಿನೊಳಗೇ ಬಿಡುತ್ತ.

ಇಲ್ಲಿ ಮಾತಾಡುವಂತಿಲ್ಲ.
ಮೂಸ್‌ನ ಕಿವಿ ನೋಡಿದ್ದೀರಾ? ಒಂದೊಂದೂ ಚಿಕ್ಕ ಮೊರ.
ರೇಡಿಯೊ ಒಮ್ಮೆ ಕರ್ ಎಂದರೂ ಸಾಕು,
ಅರ್ಧ ಟನ್ನಿನ ಜೀವ ಹೊಗೆಯ ಹಾಗೆ ಮಾಯ.
ಅದಕ್ಕೇ ಟೌನೋ ಹೋದ ವರ್ಷ
ಎಲ್ಲರ ಸೆಟ್ಟಿನ ಬಾಯಿ ಕಟ್ಟಿದ.
ಈಗ ಒಬ್ಬರು ಗುಂಡಿ ಒತ್ತಿದರೆ
ಇನ್ನು ಹತ್ತು ಜೇಬುಗಳಲ್ಲಿ ನಡುಕ, ಅಷ್ಟೆ.

ಒಂದು ಸಲ ಅದುರಿದರೆ, ನಾಯಿಗೆ ಸುಳಿವು ಸಿಕ್ಕಿದೆ.
ಎರಡು ಸಲ, ತಾಯಿ, ಜೊತೆಗೆ ಮರಿ. ಕುದುರೆ ಮುಟ್ಟಬೇಡ.
ಮೂರು ಸಲ, ಮುಗಿಯಿತು, ಕಾಫಿಗೆ ಬನ್ನಿ.
ನಾಲ್ಕಕ್ಕೆ ಅರ್ಥ ಇಟ್ಟಿಲ್ಲ.
ಇಡೋಣವೇ ಎಂದು ಅಹ್ತಿ ಕೇಳಿದ್ದ.
ಕೆಂಡದ ಮೇಲೆ ಸಾಸೇಜು ತಿರುಗಿಸುತ್ತ ಟೌನೋ ಅಂದ,
"ನಾಲ್ಕು ಎಣಿಸುವಷ್ಟು ಹೊತ್ತು
ಕಾಡು ಯಾರಿಗೂ ಕೊಡುವುದಿಲ್ಲ."

ಎದೆಯ ಜೇಬಿನಲ್ಲಿ ನಾನದನ್ನು ಇಡುವುದಿಲ್ಲ.
ಅಲ್ಲಿ ಮೊದಲೇ ಒಂದು ಬಡಿದುಕೊಳ್ಳುತ್ತಿರುತ್ತದೆ, ಲೆಕ್ಕ ತಪ್ಪುತ್ತದೆ.
ತೊಡೆಗೆ ಕಟ್ಟುತ್ತೇನೆ, ಉಣ್ಣೆಯ ಎರಡು ಪದರದೊಳಗೆ.
ತೊಡೆ ನಂಬಬಹುದಾದ ಅಂಗ,
ಅದಕ್ಕೆ ಕಲ್ಪನೆ ಕಡಿಮೆ.

ಎಂಟಕ್ಕೆ ಒಂದು ಸಲ.
ಝುಂ.
ಟುಯ್ಸ್ಕು ಬೊಗಳಿದ್ದು ಆಮೇಲೆ ಕೇಳಿಸಿತು, ಎಲ್ಲೋ ದಿನ್ನೆಯಾಚೆ.
ಮಿಂಚು ಚರ್ಮಕ್ಕೆ, ಗುಡುಗು ಕಿವಿಗೆ.

ಕಾಯುವುದು ಎಂದರೆ ಹೀಗೆ:
ಥರ್ಮಾಸಿನ ಮುಚ್ಚಳ ತಿರುಗಿಸಲು ಆರು ನಿಮಿಷ.
ಮೂಗಿನ ತುದಿಯ ಹನಿ ತಾನಾಗಿ ಬೀಳಲೆಂದು ಬಿಡುವುದು.
ಬೂದು ಹಕ್ಕಿಯೊಂದು ಬಂದೂಕಿನ ನಳಿಗೆಯ ಮೇಲೆ ಕೂತು,
ನನ್ನನ್ನು ಮರವೆಂದೇ ಬಗೆದು,
ಹಿಕ್ಕೆ ಹಾಕಿ ಹೋಯಿತು.

ಆಗ ಬರ್ಚ್ ಮರಗಳ ನಡುವೆ
ಒಂದು ಮರ ನಡೆಯತೊಡಗಿತು.
ಕೊಂಬಿಲ್ಲ. ಒಂಟಿ.
ನಿಂತು ಗಾಳಿ ಮೂಸಿತು ಮೂಸ್.
ಎಂಬತ್ತು ಮೀಟರು. ಇಡೀ ಪಕ್ಕೆ ನನ್ನ ಕಡೆಗೆ.
ಕುದುರೆಯ ಮೇಲೆ ಬೆರಳು, ಅರ್ಧ ಉಸಿರು ಹೊರಗೆ,

ಝುಂ. ಝುಂ.

ಬೆರಳು ತೆಗೆದೆ.
ಅವಳು ದಾಟಿದಳು, ಅವಸರವಿಲ್ಲದೆ,
ಮದುವೆ ಮನೆಯಿಂದ ಎಲ್ಲರಿಗೂ ಹೇಳಿಯೇ ಹೊರಟವಳ ಹಾಗೆ.
ಹಿಂದೆ ಹುಲ್ಲು ಮುಚ್ಚಿಕೊಂಡಿತು.
ಮರಿ ಬರುತ್ತದೆಂದು ಕಾದೆ. ಹತ್ತು ನಿಮಿಷ. ಅರ್ಧ ಗಂಟೆ.
ಹುಲ್ಲು ಮುಚ್ಚಿಕೊಂಡೇ ಇತ್ತು.

ಮೂರು ಬರಲೇ ಇಲ್ಲ. ಅಹ್ತಿ ನಡೆದೇ ಬಂದು ಕರೆದ.

ಗುಡಿಸಲಿನ ಒಲೆಯ ಮೇಲೆ ಟೌನೋನ ಕಾಲುಚೀಲ ಹಬೆಯಾಡುತ್ತಿದ್ದವು.
"ಎರಡು ಒತ್ತಿದ್ದು ನೀನೇ ತಾನೆ?"
ಮೇಜಿನ ಮೇಲೆ ಅವನ ಸೆಟ್ಟು, ಬ್ಯಾಟರಿ ಬೇರೆ, ಮೈ ಬೇರೆ,
ಕೆಸರು ನೀರು ಸೋರುತ್ತ.
"ಎಂಟೂ ಹತ್ತಕ್ಕೆ ಹಳ್ಳಕ್ಕೆ ಬಿದ್ದೆವು, ಅದೂ ನಾನೂ."
ಉಳಿದವರನ್ನು ಕೇಳಿದೆ. ಒಬ್ಬೊಬ್ಬರೇ ತಲೆಯಾಡಿಸಿದರು, ಇಲ್ಲ.
ಅಹ್ತಿ ಹೆಜ್ಜೆ ನೋಡಿಬರಲು ಹೋದವನು
ಒಂದೇ ಸಾಲು ಅಂದ.
"ಮುನ್ನೂರು ಕಿಲೋ ಮಾಂಸ," ಟೌನೋ ಅಂದ,
"ಬೀಳ್ಕೊಟ್ಟು ಬಂದಿದ್ದೀಯ."

ನನ್ನದನ್ನು ಬಿಚ್ಚಿದೆ. ಹಸಿರು ದೀಪ. ಚಾರ್ಜು ಧಾರಾಳ.
ಬಂದದ್ದು ಒಂದೇ ಕರೆ, ಎಂಟು ಗಂಟೆಯದು,
ಎನ್ನುತ್ತಿತ್ತು ಉಗುರಗಲದ ಪರದೆ.
ಚಳಿಗೆ ಸ್ನಾಯು ಹಾರುತ್ತದೆ ಅಂದರು ಒಬ್ಬರು.
ವಯಸ್ಸು ಅಂದರು ಇನ್ನೊಬ್ಬರು, ನನ್ನ ಬಟ್ಟಲಿಗೆ ಕಾಫಿ ಸುರಿಯುತ್ತ.
ಇರಬಹುದು. ಐವತ್ತೆಂಟು.
ಆದರೆ ಸ್ನಾಯುವಿಗೆ ಎರಡರವರೆಗೆ ಎಣಿಸಿ
ನಿಲ್ಲಿಸಲು ಯಾರು ಕಲಿಸಿದರು?
ಇದನ್ನು ನಾನು ಕೇಳಲಿಲ್ಲ. ಕಾಫಿ ಕುಡಿದೆ.

ರಾತ್ರಿ. ಸೆಟ್ಟು ಕೆಳಗೆ ಅಡುಗೆಮನೆಯಲ್ಲಿ, ಚಾರ್ಜಿಗಿಟ್ಟದ್ದು.
ಹೊದಿಕೆಯೊಳಗೆ ತೊಡೆ ಅದುರಿತು. ಮತ್ತೆ.
ಬಂದೂಕಿಲ್ಲ ಕೈಯಲ್ಲಿ, ಅಂದೆ ಕತ್ತಲಿಗೆ.
ಮತ್ತೆ.
ಕಾಫಿ, ಅಂದುಕೊಂಡು ಮಗ್ಗುಲಾದೆ.
ಮತ್ತೆ.